ಚಿನ್ನದ ಲೆಕ್ಕ ಇದೆ, ಧೂಳಿನ ಲೆಕ್ಕ?

ಕೋಲಾರ ಜಿಲ್ಲೆಯವನು ಅಂತ ಆಫೀಸಿನಲ್ಲಿ ಹೇಳಿಕೊಂಡರೆ ಸಾಕು, ಮುಂದಿನ ಪ್ರಶ್ನೆ "ಓ, ಕೆಜಿಎಫ್ಫಾ?" ಅಂತಲೇ. 2018ರಲ್ಲಿ ಸಿನಿಮಾ ಬಂದ ಮೇಲಂತೂ ಉತ್ತರ ಭಾರತದ ಸಹೋದ್ಯೋಗಿಗಳಿಗೂ ಈ ಮೂರಕ್ಷರ ಬಾಯಿಪಾಠ. ನಮ್ಮದು ಶ್ರೀನಿವಾಸಪುರದ ಕಡೆ, ಮಾವಿನ ಸೀಮೆ, ಗಣಿಯ ಊರಲ್ಲ ಅಂತ ಎಷ್ಟು ಹೇಳಿದರೂ ಕೇಳೋರಿಲ್ಲ :)

ಆ ಸಿನಿಮಾ ನೋಡಿದವರಿಗೆ ಅದರಲ್ಲಿ ಬರುವ ಬೂದು ಬಣ್ಣದ, ಗಿಡಮರವಿಲ್ಲದ, ಚಪ್ಪಟೆ ನೆತ್ತಿಯ ಗುಡ್ಡಗಳು ನೆನಪಿರಬಹುದು. ಅವು ಸೆಟ್ ಅಲ್ಲ ಸ್ವಾಮಿ, ನಿಜವಾದ ಗುಡ್ಡಗಳು. ಊರಿನವರು ಸೈನೈಡ್ ಗುಡ್ಡ, ಸೈನೈಡ್ ದಿಬ್ಬ ಅಂತಾರೆ. ಪ್ರಕೃತಿ ಮಾಡಿದ ಗುಡ್ಡಗಳೂ ಅಲ್ಲ. ನೂರಾ ಇಪ್ಪತ್ತು ವರ್ಷ ಭೂಮಿಯ ಹೊಟ್ಟೆಯಿಂದ ಬಂಡೆ ತೆಗೆದು, ಹಿಟ್ಟು ಮಾಡಿ, ಚಿನ್ನ ಸೋಸಿಕೊಂಡು, ಉಳಿದಿದ್ದನ್ನು ಊರ ಪಕ್ಕದಲ್ಲೇ ಸುರಿದ ರಾಶಿ.

ಕೆಜಿಎಫ್‌ನ ಚಿನ್ನದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಇಂಗ್ಲಿಷರ ಕ್ಲಬ್ಬು, ಗಾಲ್ಫ್ ಮೈದಾನ, "ಮಿನಿ ಇಂಗ್ಲೆಂಡ್" ಇವುಗಳ ಬಗ್ಗೆಯೂ ಬೇಕಾದಷ್ಟು ಬಂದಿದೆ. ಇವತ್ತು ನಾನು ಬರೆಯಹೊರಟಿರೋದು ಅಲ್ಲಿನ ಧೂಳಿನ ಇತಿಹಾಸ. ನಗಬೇಡಿ, ಧೂಳಿಗೂ ಇತಿಹಾಸ ಇದೆ. ಅದನ್ನು ಯಾರು ಎಣಿಸಿದರು, ಯಾವಾಗ ಎಣಿಸಿದರು, ಯಾರಿಗೋಸ್ಕರ ಎಣಿಸಿದರು ಅನ್ನೋದರಲ್ಲೇ ಒಂದು ದೊಡ್ಡ ಕಥೆ ಇದೆ. ಆ ಕಥೆ ಇನ್ನೂ ಮುಗಿದಿಲ್ಲ ಅನ್ನೋದು ಈ ಬರಹಕ್ಕೆ ಕಾರಣ.

ಮೊದಲು ಹೊಗೆ, ಆಮೇಲೆ ಧೂಳು

ಕಥೆಯನ್ನು ಚಿಕ್ಕದಾಗಿ ಹೇಳಿಬಿಡ್ತೀನಿ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಅನ್ನೋ ಸರ್ವೆ ಅಧಿಕಾರಿ ಮಾರಿಕುಪ್ಪಂ, ಊರಿಗಾಂ ಸುತ್ತಮುತ್ತ ಜನ ಮಣ್ಣು ತೊಳೆದು ಚಿನ್ನ ತೆಗೆಯೋದನ್ನ ಬರೆದಿಟ್ಟ. ಎಪ್ಪತ್ತು ವರ್ಷ ಆದಮೇಲೆ ಮೈಕೇಲ್ ಲಾವೆಲ್ ಅನ್ನೋ ನಿವೃತ್ತ ಸಿಪಾಯಿ ಅದರ ಬೆನ್ನು ಹತ್ತಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ತಗೊಂಡ (ಬೆಂಗಳೂರಿನ ಲಾವೆಲ್ ರೋಡ್ ಇವನ ಹೆಸರಿನದ್ದೇ). 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮುಂದಿನದ್ದು ನಿಮಗೆ ಗೊತ್ತು.

ಶುರುವಿನಲ್ಲಿ ಯಂತ್ರಗಳೆಲ್ಲ ಹಬೆಯವು. ಹಬೆ ಅಂದರೆ ಬಾಯ್ಲರ್, ಬಾಯ್ಲರ್ ಅಂದರೆ ಕಲ್ಲಿದ್ದಲು ಮತ್ತು ಸೌದೆ. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕಿತ್ತು, ಸೌದೆ ಸುತ್ತಮುತ್ತಲ ಕಾಡಿನಿಂದ. ಅಂದರೆ ನಮ್ಮ ಸೀಮೆಯ ಗಾಳಿಗೆ ಕೈಗಾರಿಕೆಯ ಮೊದಲ ಕಾಣಿಕೆ ಹೊಗೆ.

1902ರಲ್ಲಿ ಒಂದು ಆಶ್ಚರ್ಯ ನಡೀತು. ಕಾವೇರಿ ನದಿಯ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ಕೊಟ್ಟರು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ಅಂದರೆ ಗಣಿಗೆ ಬಂದು ಮೂರು ವರ್ಷದ ಮೇಲೆ. ಇದನ್ನು ನಾವು ಹೆಮ್ಮೆಯ ವಿಷಯವಾಗಿ ಶಾಲೆಯಲ್ಲಿ ಓದ್ತೀವಿ. ಇದರ ಇನ್ನೊಂದು ಅರ್ಥ ಯಾರೂ ಹೇಳಿಕೊಡಲಿಲ್ಲ: "ಕ್ಲೀನ್ ಎನರ್ಜಿ" ಅಂತ ಇವತ್ತು ನಾವು ಕರೆಯೋದು ಕೋಲಾರ ಜಿಲ್ಲೆಗೆ 1902ರಲ್ಲೇ ಬಂದಿತ್ತು. ಹೊಗೆ ಇಳೀತು. ಆದರೆ ಕರೆಂಟ್ ಬಂದ ಮೇಲೆ ಬಂಡೆ ಪುಡಿ ಮಾಡೋ ವೇಗ ಏರಿತು, ಅದರ ಜೊತೆಗೇ ಧೂಳೂ ಏರಿತು.

ಒಂದು ಸವರನ್‌ಗೆ ಮುನ್ನೂರ ಮೂವತ್ತು ಕೆ.ಜಿ.

ಚಿನ್ನ ತೆಗೆಯೋ ವಿಧಾನ ಹೀಗೆ. ಸ್ಫಟಿಕ ಶಿಲೆಯ (ಕ್ವಾರ್ಟ್ಜ್) ಪಟ್ಟೆಗಳಲ್ಲಿ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಡಿಕೊಂಡಿರುತ್ತೆ. ಬಂಡೆಯನ್ನ ಮೇಲೆ ತಂದು, ಕಬ್ಬಿಣದ ಒನಕೆಗಳ ಕೆಳಗೆ ನೀರು ಹಾಕಿ ಕುಟ್ಟಿ, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಸ್ವಲ್ಪ ಚಿನ್ನ ಅಂಟಿಕೊಳ್ಳುತ್ತೆ. ಉಳಿದದ್ದು ಕೈತಪ್ಪಿ ಹೋಗ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸೋ ವಿಧಾನ ಕಂಡುಹಿಡಿದರು. ಹತ್ತೊಂಬತ್ತನೇ ಶತಮಾನ ಮುಗಿಯೋ ಹೊತ್ತಿಗೆ ಅದು ಕೋಲಾರಕ್ಕೂ ಬಂತು. ಬಂಡೆಯನ್ನ ಎಷ್ಟು ನುಣ್ಣಗೆ ಅರೆದರೆ ಅಷ್ಟು ಚಿನ್ನ ಕೈಗೆ ಸಿಗುತ್ತೆ. ಹಾಗಾಗಿ ಉಳಿದ ಕಸವೂ ಅಷ್ಟೇ ನುಣುಪು.

ಲೆಕ್ಕ ಹಾಕೋದು ನಮ್ಮ ವೃತ್ತಿ ಅಲ್ವಾ, ಹಾಕೋಣ. ಕೆಜಿಎಫ್ ತನ್ನ ಆಯುಷ್ಯದಲ್ಲಿ ಕೊಟ್ಟ ಚಿನ್ನ ಸುಮಾರು 800 ಟನ್. ಈಗ 13 ದಿಬ್ಬಗಳಲ್ಲಿ ಬಿದ್ದಿರೋ ಪುಡಿ ಸುಮಾರು 3.3 ಕೋಟಿ ಟನ್. ಭಾಗಿಸಿದರೆ ಒಂದು ಗ್ರಾಂ ಚಿನ್ನಕ್ಕೆ 41 ಕೆ.ಜಿ. ಪುಡಿ. ಎಂಟು ಗ್ರಾಮಿನ ಒಂದು ಸವರನ್‌ಗೆ 330 ಕೆ.ಜಿ.! ಕೋಲಾರದ ಚಿನ್ನದ್ದೊಂದು ಉಂಗುರ ನಿಮ್ಮ ಮನೆಯಲ್ಲಿದ್ದರೆ ಅದರ ಪಾಲಿನ ಪುಡಿ ಇನ್ನೂ ಆಂಡರ್ಸನ್‌ಪೇಟೆಯ ಆಸುಪಾಸಿನಲ್ಲಿ ಇದೆ ಅಂತ ಲೆಕ್ಕ. ಚಿನ್ನ ಲಂಡನ್‌ಗೆ ಹೋಯಿತು, ಪುಡಿ ಇಲ್ಲೇ ಉಳೀತು.

ಅಂದ ಹಾಗೆ ಸೈನೈಡ್ ಅನ್ನೋ ಹೆಸರಿಗೆ ಹೆದರೋರು ಜಾಸ್ತಿ. ದಿಬ್ಬದಲ್ಲಿನ ಸೈನೈಡಿನ ಹೆಚ್ಚಿನ ಭಾಗ ಬಿಸಿಲಿಗೆ, ಗಾಳಿಗೆ ವರ್ಷಗಳ ಹಿಂದೆಯೇ ಒಡೆದುಹೋಗಿರುತ್ತೆ. ಕಬ್ಬಿಣದ ಜೊತೆ ಗಟ್ಟಿಯಾಗಿ ಸೇರಿಕೊಂಡ ರೂಪ ಮಾತ್ರ ಬಹುಕಾಲ ಉಳಿಯುತ್ತೆ. ಗಾಳಿಯ ಮಟ್ಟಿಗೆ ನಿಜವಾದ ತಲೆನೋವು ಹೆಸರಿನಲ್ಲಿಲ್ಲದ ವಸ್ತು. ಅದೇ ಸ್ಫಟಿಕ, ಅಂದರೆ ಸಿಲಿಕಾ. ಅದು ಬಿಸಿಲಿಗೆ ಒಡೆಯೋದಿಲ್ಲ, ಕೊಳೆಯೋದಿಲ್ಲ, ಸಾವಿರ ವರ್ಷ ಬಿಟ್ಟರೂ ಹಾಗೇ ಇರುತ್ತೆ.

ಕೆಳಗಿನ ಧೂಳನ್ನು ಎಣಿಸಿದ ಕಾಲ

ಸಿಲಿಕಾ ಏನು ಮಾಡುತ್ತೆ? ನಮ್ಮ ತಲೆಕೂದಲು ಸುಮಾರು 60-70 ಮೈಕ್ರಾನ್ ದಪ್ಪ. ಐದು ಮೈಕ್ರಾನಿಗಿಂತ ಸಣ್ಣ ಕಣ ಮೂಗು, ಗಂಟಲು ಎಲ್ಲ ದಾಟಿ ಶ್ವಾಸಕೋಶದ ಕೊನೆಯ ಗಾಳಿಚೀಲದ ತನಕ ಹೋಗುತ್ತೆ. ಅಲ್ಲಿ ಕಾವಲಿಗಿರೋ ಜೀವಕೋಶ ಅದನ್ನ ನುಂಗುತ್ತೆ. ಬ್ಯಾಕ್ಟೀರಿಯಾ ಆಗಿದ್ದರೆ ಜೀರ್ಣವಾಗ್ತಿತ್ತು, ಕಲ್ಲು ಜೀರ್ಣವಾಗಲ್ಲ. ಜೀವಕೋಶವೇ ಸಾಯುತ್ತೆ, ಕಲ್ಲು ಹೊರಬೀಳುತ್ತೆ, ಇನ್ನೊಂದು ಜೀವಕೋಶ ಬಂದು ಅದನ್ನೇ ನುಂಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇನ್ಫೈನೈಟ್ ಲೂಪ್. ಪ್ರತಿ ಸುತ್ತಿಗೂ ಒಂದಿಷ್ಟು ಗಾಯ, ಗಾಯದ ಕಲೆ. ಕ್ರಮೇಣ ಶ್ವಾಸಕೋಶ ಗಟ್ಟಿಯಾಗ್ತಾ ಹೋಗುತ್ತೆ. ಇದಕ್ಕೆ ಸಿಲಿಕೋಸಿಸ್ ಅಂತಾರೆ. ಇದು ಬಂದವರಿಗೆ ಕ್ಷಯ ಸುಲಭವಾಗಿ ಅಂಟಿಕೊಳ್ಳುತ್ತೆ. ಕಾಯಿಲೆಯನ್ನ ಹಿಂದಕ್ಕೆ ತಿರುಗಿಸೋ ಔಷಧ ಇವತ್ತಿಗೂ ಇಲ್ಲ.

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಚಿನ್ನದ ಗಣಿಗಳಲ್ಲಿ ಈ ಕಾಯಿಲೆ ಬೇಗ ಸುದ್ದಿಯಾಯಿತು. ಅಲ್ಲಿ 1902ರಲ್ಲೇ ವಿಚಾರಣಾ ಆಯೋಗ ಕೂತಿತು, 1912ರ ಹೊತ್ತಿಗೆ ಪರಿಹಾರದ ಕಾನೂನು ಬಂತು. 1916ರ ಸುಮಾರಿಗೆ ಗಾಳಿಯನ್ನ ಗಾಜಿನ ತಟ್ಟೆಗೆ ಚಿಮ್ಮಿಸಿ, ಅಂಟಿದ ಕಣಗಳನ್ನ ಮೈಕ್ರೋಸ್ಕೋಪಿನಲ್ಲಿ ಎಣಿಸೋ ಕೋನಿಮೀಟರ್ ಅನ್ನೋ ಉಪಕರಣವೂ ಬಂತು. ಅಲ್ಲಿ ಕಾನೂನು ಇಷ್ಟು ಬೇಗ ಬಂದಿದ್ದಕ್ಕೆ ಕಾರಣ, ಸಾಯುತ್ತಿದ್ದ ಡ್ರಿಲ್ ಕೆಲಸಗಾರರಲ್ಲಿ ಬಹಳ ಜನ ಇಂಗ್ಲೆಂಡಿನಿಂದ ಹೋದ ಬಿಳಿಯರು.

ಕೋಲಾರದ ಗಣಿಯ ಆಳಕ್ಕೆ ಇಳಿದವರು ಹೆಚ್ಚಾಗಿ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತಾಡುವ ದಲಿತರು. ಇಲ್ಲಿ ಸಿಲಿಕೋಸಿಸ್‌ಗೆ ಪರಿಹಾರದ ನಿಯಮ ಮೈಸೂರು ಸಂಸ್ಥಾನದಲ್ಲಿ ಬಂದಿದ್ದು 1940ರ ಹೊತ್ತಿಗೆ. ಹೆಚ್ಚುಕಡಿಮೆ ಮೂವತ್ತು ವರ್ಷದ ಅಂತರ! ತಂತ್ರಜ್ಞಾನ ಮಾತ್ರ ಗ್ಲಾಸ್ಗೋದಿಂದ ಹತ್ತೇ ವರ್ಷದಲ್ಲಿ ಬಂದಿತ್ತು.

1940ರ ದಶಕದಲ್ಲಿ ಕೊನೆಗೂ ದೊಡ್ಡ ಸಮೀಕ್ಷೆ ನಡೀತು. ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನ ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡಿತು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ ಅಂತ ಇವತ್ತಿಗೂ ಎಂಬಿಬಿಎಸ್ ಹುಡುಗರು ಓದ್ತಾರೆ. ನಿಮ್ಮ ಪರಿಚಯದ ಡಾಕ್ಟರನ್ನ ಕೇಳಿ ನೋಡಿ, "ಹೌದು, ಕೋಲಾರ್" ಅಂತ ಥಟ್ಟನೆ ಹೇಳ್ತಾರೆ.

ಆ ನಲವತ್ತರ ಸಂಖ್ಯೆಯನ್ನು ಸ್ವಲ್ಪ ನಿಂತು ನೋಡಬೇಕು. ಸಮೀಕ್ಷೆಯಲ್ಲಿ ಸಿಗೋದು ಆ ದಿನ ಕೆಲಸದಲ್ಲಿದ್ದವರು ಮಾತ್ರ. ಉಸಿರು ಸಿಗದೆ ಕೆಲಸ ಬಿಟ್ಟು ಹುಟ್ಟೂರಿಗೆ ಹೋದವನು, ಅಲ್ಲೇ "ಟಿಬಿ" ಅಂತ ಹೇಳಿಸಿಕೊಂಡು ಸತ್ತವನು ಎಣಿಕೆಗೆ ಬರೋದಿಲ್ಲ. ನಾವು ಸರ್ವರ್ ಲಾಗ್ ನೋಡುವಾಗ ಕ್ರ್ಯಾಶ್ ಆದ ಮಷೀನಿನ ಲಾಗ್ ಇಲ್ಲದೇ ಇದ್ದರೆ "ಎಲ್ಲ ಚೆನ್ನಾಗಿದೆ" ಅನ್ನಿಸುತ್ತಲ್ಲ, ಹಾಗೆ.

ಆದರೂ ಒಂದು ಮಾತು ಒಪ್ಪಬೇಕು. ನೆಲದ ಕೆಳಗಿನ ಧೂಳಿಗೆ ತಡವಾಗಿಯಾದರೂ ಒಂದು ಲೆಕ್ಕ ಸಿಕ್ಕಿತು. ಒಣ ಡ್ರಿಲ್ಲಿಂಗ್ ಹೋಗಿ ನೀರು ಬಿಟ್ಟು ಕೊರೆಯೋ ಪದ್ಧತಿ ಬಂತು, ಗಾಳಿಯಾಡುವ ವ್ಯವಸ್ಥೆ ಬಂತು. ಗಣಿ ಕಾರ್ಮಿಕರ ಆರೋಗ್ಯಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಕೆಜಿಎಫ್‌ನಲ್ಲೇ ಶುರುವಾಗಿ ಆಮೇಲೆ ನಾಗಪುರಕ್ಕೆ ಹೋಯಿತು. ಅದೇ ಗಣಿಯ ಆಳದಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ನಮ್ಮ ಟಿಐಎಫ್‌ಆರ್ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ವಾತಾವರಣದ ನ್ಯೂಟ್ರಿನೋ ಗುರುತಿಸಿದರು. ಭೂಮಿಯನ್ನೇ ತೂರಿಕೊಂಡು ಹೋಗೋ ಕಣವನ್ನ ಎಣಿಸಿದ ಊರು ಅದು. ಆದರೆ ಮೇಲೆ, ಬಯಲಲ್ಲಿ, ದಿಬ್ಬದಿಂದ ಹಾರಿ ಮನೆಯೊಳಗೆ ಬರೋ ಕಣ? ಪರಿಹಾರದ ನಿಯಮ ಇದ್ದದ್ದು ಕಾರ್ಮಿಕನಿಗೆ. ಅವನ ಹೆಂಡತಿ ಮಕ್ಕಳು ಉಸಿರಾಡೋ ಗಾಳಿ ಯಾರ ರಿಜಿಸ್ಟರಿನಲ್ಲೂ ಇರಲಿಲ್ಲ.

ನನ್ನ ಜೊತೆ ಇಂಜಿನಿಯರಿಂಗ್ ಓದಿದ ಚಾಂಪಿಯನ್ ರೀಫ್‌ನ ಗೆಳೆಯನೊಬ್ಬ ಹೇಳ್ತಿದ್ದ. ಆಷಾಢದ ಗಾಳಿ ಶುರುವಾದರೆ ಅವರಜ್ಜಿ ನೀರಿನ ಕೊಡಗಳ ಬಾಯಿಗೆಲ್ಲ ಒದ್ದೆ ಬಟ್ಟೆ ಕಟ್ಟುತ್ತಿದ್ದರಂತೆ, ಒಗೆದ ಬಟ್ಟೆಯನ್ನ ಒಳಗೇ ಒಣಗಿಸುತ್ತಿದ್ದರಂತೆ. ಅನ್ನದಲ್ಲಿ ನರನರ ಅಂದರೆ "ದಿಬ್ಬ ಬಂತು" ಅನ್ನೋದು ಮನೆಯ ಜೋಕು. ಆ ಅಜ್ಜಿಯ ಒದ್ದೆ ಬಟ್ಟೆಯೇ ಆ ಊರಿನ ಮೊದಲ ಏರ್ ಕ್ವಾಲಿಟಿ ಮಾನಿಟರ್ ಅನ್ನಬಹುದೇನೋ.

ಗಾಳಿಯ ಗಣಿತ

ಅಳತೆಯೇ ಇಲ್ಲದ ಕಡೆ ಏನು ಮಾಡೋದು? ಇಲ್ಲಿ ಮಾಡೆಲಿಂಗ್ ಬರುತ್ತೆ. ಇದಕ್ಕೂ ಒಂದು ಇತಿಹಾಸ ಇದೆ, ಎರಡು ಬೇರೆ ಬೇರೆ ದಾರಿಗಳಿಂದ ಬಂದದ್ದು.

ಮೊದಲನೆಯದು ಚಿಮಣಿಯ ದಾರಿ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಳಸಿದ ಮೇಲೆ ಬ್ರಿಟಿಷರಿಗೆ ಗಾಳಿಯಲ್ಲಿ ಅನಿಲ ಹೇಗೆ ಹರಡುತ್ತೆ ಅನ್ನೋ ಲೆಕ್ಕ ಬೇಕಿತ್ತು. ಪೋರ್ಟನ್ ಡೌನ್ ಅನ್ನೋ ಸೇನಾ ಕೇಂದ್ರದಲ್ಲಿ ಕೆಲಸ ಮಾಡಿದ ಸಟ್ಟನ್ 1932ರಲ್ಲಿ ಸಿದ್ಧಾಂತ ಕೊಟ್ಟ. 1956ರಲ್ಲಿ ಅಮೆರಿಕದ ನೆಬ್ರಾಸ್ಕಾದ ಹುಲ್ಲುಗಾವಲಿನಲ್ಲಿ ಗಂಧಕದ ಡೈಆಕ್ಸೈಡ್ ಬಿಟ್ಟು ಅಳೆದು ನೋಡಿದರು. 1961ರಲ್ಲಿ ಪಾಸ್ಕ್ವಿಲ್ ಎಂಬಾತ ವಾತಾವರಣವನ್ನ ಎ ಇಂದ ಎಫ್ ತನಕ ಆರು ದರ್ಜೆ ಮಾಡಿ, ಬಿಸಿಲು ಎಷ್ಟಿದೆ, ಗಾಳಿ ಎಷ್ಟಿದೆ ನೋಡಿದರೆ ಹೊಗೆ ಎಷ್ಟು ಹರಡುತ್ತೆ ಹೇಳಬಹುದು ಅಂತ ತೋರಿಸಿಕೊಟ್ಟ. ಇದೇ ಗಾಸಿಯನ್ ಪ್ಲೂಮ್ ಮಾದರಿ. ಕಾಲೇಜಿನಲ್ಲಿ ಓದಿದ ಗಂಟೆಯಾಕಾರದ ಗ್ರಾಫ್ ನೆನಪಿದೆಯಾ? ಹೊಗೆಯ ಪಟ್ಟಿಯನ್ನ ಅಡ್ಡಕ್ಕೆ ಕತ್ತರಿಸಿ ನೋಡಿದರೆ ಅದೇ ಆಕಾರ. ಸರಳ ಮಾಡಿ ಹೇಳಿದರೆ:

ಸಾಂದ್ರತೆ = ಹೊರಬಿದ್ದ ಪ್ರಮಾಣ ÷ (ಗಾಳಿಯ ವೇಗ × ಹರಡಿದ ಅಗಲ × ಹರಡಿದ ಎತ್ತರ)

ಗಾಳಿಯ ವೇಗ ಕೆಳಗಿದೆ ನೋಡಿ. ಗಾಳಿ ಜೋರಾದಷ್ಟೂ ಚಿಮಣಿಯ ಹೊಗೆ ತೆಳುವಾಗುತ್ತೆ. ಅದಕ್ಕೇ ದೆಹಲಿಯಲ್ಲಿ ಚಳಿಗಾಲದಲ್ಲಿ ಗಾಳಿ ನಿಂತಾಗ ಕಷ್ಟ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನ ಕೊಂದಿದ್ದೂ ಗಾಳಿ ನಿಂತಾಗಲೇ.

ಎರಡನೆಯದು ಮರಳಿನ ದಾರಿ. ರಾಲ್ಫ್ ಬ್ಯಾಗ್ನೋಲ್ಡ್ ಅನ್ನೋ ಬ್ರಿಟಿಷ್ ಸೇನೆಯ ಇಂಜಿನಿಯರ್ ಈಜಿಪ್ಟ್, ಲಿಬಿಯಾ ಮರುಭೂಮಿಯಲ್ಲಿ ಹಳೇ ಫೋರ್ಡ್ ಕಾರಿನಲ್ಲಿ ಸುತ್ತಿದವನು. ಆಮೇಲೆ ಇಂಗ್ಲೆಂಡಿನಲ್ಲಿ ಗಾಳಿ ಸುರಂಗದಲ್ಲಿ ಮರಳು ಹಾರಿಸಿ ನೋಡಿ, 1941ರಲ್ಲಿ ಅದರ ಭೌತಶಾಸ್ತ್ರದ ಪುಸ್ತಕವನ್ನೇ ಬರೆದ. ಅವನಿಂದ ಗೊತ್ತಾದ ಮುಖ್ಯ ವಿಷಯಗಳು ಮೂರು.

1. ಗಾಳಿ ಒಂದು ಮಿತಿ ದಾಟೋ ತನಕ ಏನೂ ಹಾರೋದಿಲ್ಲ.
2. ಮಿತಿ ದಾಟಿದ ಮೇಲೆ ಹಾರೋ ಪ್ರಮಾಣ ಗಾಳಿಯ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡು ಪಟ್ಟಾದರೆ ಮರಳು ಎಂಟು ಪಟ್ಟು.
3. ತೀರಾ ನುಣ್ಣನೆಯ ಕಣ ಒಂದಕ್ಕೊಂದು ಅಂಟಿಕೊಂಡಿರುತ್ತೆ, ತಾನಾಗಿ ಏಳೋದಿಲ್ಲ. ಸ್ವಲ್ಪ ದಪ್ಪ ಮರಳಿನ ಕಣ ಕುಪ್ಪಳಿಸುತ್ತಾ ಬಂದು ಬಡಿದಾಗ ಚಿಮ್ಮಿ ಏಳುತ್ತೆ.

ಈಗ ಎರಡೂ ದಾರಿ ಕೂಡಿಸಿ ನೋಡಿ. ದಿಬ್ಬದಿಂದ ಹೊರಬೀಳೋದು ವೇಗದ ಘನ, ತೆಳುವಾಗೋದು ವೇಗದಿಂದ ಭಾಗಿಸಿ. ಭಾಗಿಸಿದರೆ ಉಳಿಯೋದು ವೇಗದ ವರ್ಗ. ಅಂದರೆ ಗಾಳಿ ಎರಡು ಪಟ್ಟಾದರೆ ದಿಬ್ಬದ ಪಕ್ಕದ ಮನೆಯಲ್ಲಿ ಧೂಳು ಸುಮಾರು ನಾಲ್ಕು ಪಟ್ಟು! ಚಿಮಣಿಗೆ ಗಾಳಿ ಸ್ನೇಹಿತ, ದಿಬ್ಬಕ್ಕೆ ಗಾಳಿ ಶತ್ರು. ಒಂದೇ ಸಮೀಕರಣ, ಉತ್ತರ ಮಾತ್ರ ತದ್ವಿರುದ್ಧ.

ಇದು ಕೆಜಿಎಫ್‌ಗೆ ಯಾಕೆ ಮುಖ್ಯ? ನಮ್ಮ ಜಿಲ್ಲೆ ಮಳೆ ನೆರಳಿನ ಪ್ರದೇಶ. ಮಲೆನಾಡಿನಲ್ಲಿ ಆಷಾಢ ಅಂದರೆ ಗಾಳಿ ಮತ್ತು ಮಳೆ. ನಮ್ಮಲ್ಲಿ ಆಷಾಢ ಅಂದರೆ ಬರೀ ಗಾಳಿ. ಪಶ್ಚಿಮದಿಂದ ಜೋರಾಗಿ ಬೀಸುತ್ತೆ, ಒಂದಿಷ್ಟು ತುಂತುರು ಹನಿಸಿ ಹೋಗುತ್ತೆ. ನಮ್ಮ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಜೋರು ಗಾಳಿ ಮತ್ತು ಒಣ ದಿಬ್ಬ ಎರಡೂ ಒಟ್ಟಿಗೆ ಸಿಗೋ ತಿಂಗಳುಗಳು ನಮ್ಮಲ್ಲಿವೆ. ವರ್ಷದ ಸರಾಸರಿ ಗಾಳಿ ವೇಗ ಹಾಕಿ ಮಾಡೆಲ್ ಓಡಿಸಿದರೆ ಆ ದಿನಗಳು ಮಾಯ. ಘನ ಇರೋ ಕಡೆ ಸರಾಸರಿ ಹಾಕಿದರೆ ಉತ್ತರ ಯಾವಾಗಲೂ ಕಡಿಮೆಯೇ ಬರುತ್ತೆ, ಬೇಕಾದರೆ ಒಂದು ಎಕ್ಸೆಲ್ ಶೀಟಿನಲ್ಲಿ ಮಾಡಿ ನೋಡಿ.

ಇನ್ನೊಂದು ಗುಣಾಕಾರ ಮಾಡೋಣ. ದಿಬ್ಬಗಳಿರೋ ಜಾಗ ಸರ್ಕಾರದ ಲೆಕ್ಕದಲ್ಲಿ ಸುಮಾರು 1,003 ಎಕರೆ, ಅಂದರೆ ಸುಮಾರು 4 ಚದರ ಕಿ.ಮೀ. ಅದರ ಮೇಲಿಂದ ವರ್ಷಕ್ಕೆ ಒಂದೇ ಒಂದು ಮಿಲಿಮೀಟರ್ ಪದರ ಹಾರಿತು ಅಂತ ಇಟ್ಟುಕೊಳ್ಳಿ. 4,000 ಘನಮೀಟರ್ ಆಯಿತು. ಘನಮೀಟರಿಗೆ ಒಂದೂವರೆ ಟನ್ ಹಿಡಿದರೆ 6,000 ಟನ್. ಅದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಶ್ವಾಸಕೋಶಕ್ಕೆ ಇಳಿಯುವಷ್ಟು ಸಣ್ಣದು ಅಂದರೂ 60 ಟನ್. ಇದು ಅಳತೆಯಲ್ಲ, ಊಹೆಯ ಮೇಲಿನ ಲೆಕ್ಕ. ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಎಂಥ ಸಂಖ್ಯೆ ಕೊಡುತ್ತೆ ಅಂತ ತೋರಿಸೋಕೆ ಹೇಳಿದೆ ಅಷ್ಟೆ.

ನಾಲ್ಕು ತಾಲೂಕು, ನಾಲ್ಕು ಪಾತ್ರ

ಮಾಡೆಲ್‌ಗೆ ಬೇಕಾದ್ದು ಮೂಲ, ದಾರಿ, ತಲುಪುವ ಜಾಗ ಮತ್ತು ಅಳತೆ. ನಮ್ಮ ಜಿಲ್ಲೆಯ ನಕ್ಷೆ ನೋಡಿದರೆ ಎಲ್ಲವೂ ಒಂದೊಂದು ತಾಲೂಕಿನಲ್ಲಿ ಕೂತಿದೆ.

ಮಾಲೂರು ಅಂದರೆ ಇಟ್ಟಿಗೆ, ಹೆಂಚು. ಬೆಂಗಳೂರಿನ ಎಷ್ಟೋ ಮನೆಗಳು ಮಾಲೂರಿನ ಮಣ್ಣಿನವು. ಗೂಡಿನ ಹೊಗೆ ಚಿಮಣಿಯ ಜಾತಿ, ಗಾಳಿ ನಿಂತ ಚಳಿಗಾಲದ ಬೆಳಗ್ಗೆ ಅದರ ಕಾಟ. 2022ರಲ್ಲಿ ಕೇಂದ್ರ ಸರ್ಕಾರ ಗೂಡುಗಳು ಕಡಿಮೆ ಹೊಗೆಯ ಜಿಗ್‌ಜ್ಯಾಗ್ ವಿನ್ಯಾಸಕ್ಕೆ ಬದಲಾಗಬೇಕು ಅಂತ ನಿಯಮ ತಂದಿದೆ.

ಮುಳಬಾಗಿಲು ಹೆದ್ದಾರಿಯ ಊರು. ಹಿಂದಿನ ಎನ್‌ಎಚ್ 4, ಈಗಿನ ಎನ್‌ಎಚ್ 75 ಇಲ್ಲಿಂದಲೇ ಆಂಧ್ರದ ಕಡೆ ಹೋಗೋದು. ರಸ್ತೆ ಅನ್ನೋದು ಮಾಡೆಲ್ ಭಾಷೆಯಲ್ಲಿ ಗೆರೆಯಂಥ ಮೂಲ, ಲೈನ್ ಸೋರ್ಸ್.

ಶ್ರೀನಿವಾಸಪುರ ತಲುಪುವ ಜಾಗ. ನಮ್ಮ ಮಾವಿನ ತೋಟಗಳು. ಇಟ್ಟಿಗೆ ಗೂಡಿನ ಹೊಗೆಯಿಂದ ಮಾವಿನಕಾಯಿಯ ತುದಿ ಕಪ್ಪಾಗೋ ರೋಗವನ್ನ ಬಿಹಾರ, ಉತ್ತರ ಪ್ರದೇಶದ ಕಡೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ಅದು ಕೀಟವೂ ಅಲ್ಲ, ಶಿಲೀಂಧ್ರವೂ ಅಲ್ಲ, ಗಾಳಿಯ ರೋಗ. ಎಲೆಯ ಮೇಲೆ ಧೂಳು ಕೂತರೆ ಬೆಳಕು ಕಡಿಮೆ, ಎಲೆಯ ರಂಧ್ರಗಳಿಗೆ ಅಡ್ಡಿ. ಗಿಡಗಳಿಗೆ ಒದ್ದೆ ಬಟ್ಟೆ ಕಟ್ಟೋ ಅಜ್ಜಿ ಇಲ್ಲ ನೋಡಿ.

ಇನ್ನು ಕೋಲಾರದಲ್ಲಿ ಅಳತೆ. ಟಮಕ ಕೈಗಾರಿಕಾ ಪ್ರದೇಶದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರವೊಂದನ್ನು ಇಟ್ಟರು. ಒಳ್ಳೇದೇ. ಆದರೆ ಕೆಜಿಎಫ್ ಅಲ್ಲಿಂದ ಸುಮಾರು ಮೂವತ್ತು ಕಿ.ಮೀ. ದೂರ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ನಮ್ಮ ಜಿಲ್ಲೆ ಇಲ್ಲ.

ಅದಕ್ಕಿಂತ ದೊಡ್ಡ ತೂತು ಇನ್ನೊಂದಿದೆ. 2009ರ ರಾಷ್ಟ್ರೀಯ ವಾಯು ಗುಣಮಟ್ಟದಲ್ಲಿ ಹನ್ನೆರಡು ವಸ್ತುಗಳಿವೆ. ಪಿಎಂ 10, ಪಿಎಂ 2.5, ಸೀಸ, ಆರ್ಸೆನಿಕ್, ನಿಕ್ಕಲ್ ಎಲ್ಲ ಇದೆ. ಸಿಲಿಕಾ ಇಲ್ಲ! ತೂಕದ ಲೆಕ್ಕದಲ್ಲಿ ಹೊಲದ ಮಣ್ಣೂ ಒಂದೇ, ಅರೆದ ಸ್ಫಟಿಕವೂ ಒಂದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ, ಕೆಲಸದ ಜಾಗದಲ್ಲಿ ಉಸಿರಾಡುವ ಸ್ಫಟಿಕ ರೂಪದ ಸಿಲಿಕಾ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಮೊದಲ ಗುಂಪಿಗೆ ಸೇರಿಸಿದೆ. ಕ್ಯಾಲಿಫೋರ್ನಿಯಾದವರು 2005ರಲ್ಲಿ ಸಾಮಾನ್ಯ ಜನ ದೀರ್ಘಕಾಲ ಉಸಿರಾಡುವ ಗಾಳಿಗೆ ಘನಮೀಟರಿಗೆ 3 ಮೈಕ್ರೋಗ್ರಾಂ ಅನ್ನೋ ಮಟ್ಟ ಗೊತ್ತುಮಾಡಿದರು. ನಮ್ಮ ಪಿಎಂ 10 ವಾರ್ಷಿಕ ಮಿತಿ 60 ಮೈಕ್ರೋಗ್ರಾಂ. ಒಂದು ಊರಿನ ಗಾಳಿ ನಮ್ಮ ಕಾನೂನಿನ ಪ್ರಕಾರ ಪಾಸಾಗಿ, ಸಿಲಿಕಾ ಲೆಕ್ಕದಲ್ಲಿ ಫೇಲಾಗಬಹುದು.

ದಿಬ್ಬದ ಪಕ್ಕ ಇರೋರಿಗೆಲ್ಲ ಸಿಲಿಕೋಸಿಸ್ ಬರುತ್ತೆ ಅಂತ ನಾನು ಹೇಳ್ತಿಲ್ಲ. ಸುರಂಗದೊಳಗಿನ ಧೂಳಿಗೂ ಬಯಲಿನ ಧೂಳಿಗೂ ಅಜಗಜಾಂತರ. ಆದರೆ ಸುರಂಗದಲ್ಲಿ ಕಾರ್ಮಿಕ ಇರ್ತಿದ್ದದ್ದು ಎಂಟು ಗಂಟೆ, ಮನೆಯಲ್ಲಿ ಮಗು ಇರೋದು ಇಪ್ಪತ್ತನಾಲ್ಕು ಗಂಟೆ.

ಈಗ ಯಾಕೆ ಈ ಮಾತು

1956ರಲ್ಲಿ ಗಣಿ ಮೈಸೂರು ಸರ್ಕಾರಕ್ಕೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಆಮೇಲೆ ಊರಿನ ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಆಫೀಸಿಗೆ ಹೋಗಿ ಬರೋದು ಶುರುವಾಯಿತು. ದಿಬ್ಬಗಳು ಅಲ್ಲೇ ಉಳಿದವು.

2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಈ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಪುಡಿಯಲ್ಲಿ ಇನ್ನೂ ಟನ್ನಿಗೆ ಒಂದು ಗ್ರಾಮಿನ ಆಸುಪಾಸು ಚಿನ್ನ ಉಳಿದಿದೆಯಂತೆ. ನಾನು ಇದಕ್ಕೆ ವಿರೋಧಿಯಲ್ಲ. ಕೆಲಸ ಸಿಗುತ್ತೆ ಅಂದರೆ ಆ ಊರಿಗಿಂತ ಅದು ಬೇಕಾದ ಊರು ಇನ್ನೊಂದಿಲ್ಲ. ಸರಿಯಾಗಿ ಮಾಡಿದರೆ ದಿಬ್ಬವೇ ಇಲ್ಲದ ಹಾಗೆ ಮಾಡಬಹುದು, ಅಥವಾ ಉಳಿದದ್ದಕ್ಕೆ ಮಣ್ಣು ಹೊದಿಸಿ ಹುಲ್ಲು ಬೆಳೆಸಬಹುದು. ಜೋಹಾನ್ಸ್‌ಬರ್ಗಿನಲ್ಲಿ ದಶಕಗಳಿಂದ ಎರಡೂ ಮಾಡ್ತಾ ಬಂದಿದ್ದಾರೆ. ಆದರೆ ದಿಬ್ಬವನ್ನ ಕೆದಕಿದ ದಿನ ಬ್ಯಾಗ್ನೋಲ್ಡನ ಮೂರನೇ ವಿಷಯ ನೆನಪಿರಲಿ. ಮಳೆ ಬಿಸಿಲಿಗೆ ಮೇಲೆ ಕಟ್ಟಿದ ಗಟ್ಟಿ ಹೆಪ್ಪು ಒಡೆದರೆ ಇಷ್ಟು ವರ್ಷ ಒಳಗೆ ಮಲಗಿದ್ದ ನುಣ್ಣನೆಯ ಪುಡಿ ಎದ್ದೇಳುತ್ತೆ.

ಇಂಥ ಯೋಜನೆಗೆ ಪರಿಸರ ವರದಿ ಅಂತ ಒಂದು ಬಂದರೆ ಅದರಲ್ಲಿ ಗಾಳಿಯ ಮಾಡೆಲ್ ಅಂತ ಒಂದು ಅಧ್ಯಾಯ, ಬಣ್ಣಬಣ್ಣದ ಉಂಗುರಗಳ ನಕ್ಷೆ ಇರುತ್ತೆ. ಎಲ್ಲರೂ ಪುಟ ಮಗುಚಿ ಮುಂದೆ ಹೋಗೋದು ಅಲ್ಲೇ. ದಯವಿಟ್ಟು ಹೋಗಬೇಡಿ. ಕೇಳಬೇಕಾದ ಪ್ರಶ್ನೆ ಐದೇ ಐದು:

- ಗಾಳಿಯ ಡೇಟಾ ಎಲ್ಲಿಯದು? ಬೆಂಗಳೂರಿನದ್ದೋ, ದಿಬ್ಬದ ಮೇಲಿನದ್ದೋ?
- ಗಂಟೆಗಂಟೆಯದ್ದೋ, ಸರಾಸರಿಯೋ? ಆಷಾಢ ಅದರಲ್ಲಿ ಇದೆಯೋ?
- ಹೆಪ್ಪು ಒಡೆದ ಮೇಲಿನ ಧೂಳನ್ನ ಲೆಕ್ಕ ಹಾಕಿದ್ದಾರೋ, ಈಗಿನದ್ದನ್ನೇ ಹಾಕಿದ್ದಾರೋ?
- ಬರೀ ಪಿಎಂ 10 ಇದೆಯೋ, ಸಿಲಿಕಾ ಬೇರೆಯಾಗಿ ಇದೆಯೋ?
- ಧೂಳು ತಲುಪುವ ಜಾಗಗಳ ಪಟ್ಟಿಯಲ್ಲಿ ಶಾಲೆ, ಅಂಗನವಾಡಿ, ಗಣಿ ಲೈನ್‌ಮನೆಗಳು ಇವೆಯೋ?

ಸಾಫ್ಟ್‌ವೇರಿನವರಿಗೆ ಹೊಸದೇನೂ ಅಲ್ಲ, ಕಸ ಹಾಕಿದರೆ ಕಸವೇ ಬರುತ್ತೆ ಅನ್ನೋ ಹಳೇ ಮಾತೇ. ಮಾಡೆಲ್ ಸುಳ್ಳು ಹೇಳೋದಿಲ್ಲ, ನಾವು ಕೇಳದೇ ಇದ್ದದ್ದನ್ನ ಹೇಳೋದೂ ಇಲ್ಲ. 1940ರ ತನಕ ಕೆಳಗಿನ ಧೂಳನ್ನ ಯಾರೂ ಕೇಳಲಿಲ್ಲ, ಹಾಗಾಗಿ ಉತ್ತರವೂ ಇರಲಿಲ್ಲ. ಮೇಲಿನ ಧೂಳಿನ ಸರದಿ ಈಗ.

ಕೆಜಿಎಫ್, ಬಂಗಾರಪೇಟೆ, ಬೇತಮಂಗಲ ಕಡೆಯ ಬ್ಲಾಗಿಗರು ಯಾರಾದರೂ ಇದ್ದರೆ ಒಂದು ಕೋರಿಕೆ. ಅಗಲ ಬಾಯಿಯ ಒಂದು ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ ತಾರಸಿಯ ಮೇಲೆ ಒಂದು ತಿಂಗಳು ಇಡಿ, ಆರುತ್ತಾ ಬಂದರೆ ನೀರು ತುಂಬಿಸ್ತಾ ಇರಿ. ಕೊನೆಗೆ ನೀರು ಆರಿಸಿ ಉಳಿದ ಧೂಳನ್ನ ತೂಕ ಮಾಡಿ, ಪಾತ್ರೆಯ ಬಾಯಿಯ ವಿಸ್ತೀರ್ಣದಿಂದ ಭಾಗಿಸಿ. ಇದು ನೂರು ವರ್ಷದ ಹಳೇ ವಿಧಾನ, ಖರ್ಚಿಲ್ಲ. ಸಿಲಿಕಾ ಎಷ್ಟು ಅಂತ ಇದು ಹೇಳಲ್ಲ, ಆದರೆ ಯಾವ ತಿಂಗಳು ಎಷ್ಟು ಬೀಳುತ್ತೆ ಅಂತ ಹೇಳುತ್ತೆ. ಅಗೆತ ಶುರುವಾಗೋ ಮುಂಚಿನ ಒಂದು ವರ್ಷದ ಅಂಕಿ ಕೈಯಲ್ಲಿದ್ದರೆ ಆಮೇಲಿನದ್ದನ್ನ ಹೋಲಿಸಬಹುದು. ಅಂಕಿ ಕಳಿಸಿದರೆ ಗ್ರಾಫ್ ಮಾಡಿ ಹಾಕೋ ಕೆಲಸ ನನ್ನದು. ಇಬ್ಬರು ಮೂವರು ಸಿಕ್ಕರೂ ಸಾಕು, ಮುಂದಿನ ಆಷಾಢದಿಂದ ಶುರು ಮಾಡೋಣ.